ಸ್ಕೋರರ್‌ಗೆ ನಂಬರ್ ಇಲ್ಲ

ನನ್ನ ಕೆಲಸದ ಹೆಸರು ಡಾಕ್ಯುಮೆಂಟ್ ಕಂಟ್ರೋಲರ್. ಊರಿನಲ್ಲಿ ಅಮ್ಮ ಇದನ್ನು ನೆಂಟರಿಗೆ ಹೇಳುವಾಗ ಮೊದಲ ಶಬ್ದವನ್ನು ನುಂಗಿ ‘ಕಂಟ್ರೋಲರ್’ ಎಂದಷ್ಟೇ ಹೇಳುತ್ತಾಳೆ. ಕೇಳಿದವರು ನಾನು ಕತಾರಿನಲ್ಲಿ ಏನನ್ನೋ ಹತೋಟಿಯಲ್ಲಿ ಇಟ್ಟುಕೊಂಡಿದ್ದೇನೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ನಾನು ಮಾಡುವುದು ಬಂದ ಕಾಗದಕ್ಕೆ ಸೀಲು ಹೊಡೆದು, ನಂಬರು ಹಾಕಿ, ಫೈಲಿಗೆ ಸೇರಿಸುವುದು. ಕಾಗದದಲ್ಲಿ ಏನಿದೆ ಎಂದು ಓದುವ ಅಧಿಕಾರ ನನಗಿಲ್ಲ. ಓದಿದರೆ ತಡೆಯುವವರೂ ಇಲ್ಲ.

ಇದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಉಂಟು, ಮಿಮಿಕ್ರಿ. ನಮ್ಮ ಕಂಪನಿಯ ಜಿ.ಎಂ. ಗಂಟಲಿನ ಆಳದಿಂದ ಎಳೆದು ತರುವ ಇಂಗ್ಲಿಷು, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ ಕಾಕ ಸೀನುವ ಮೊದಲು ತೆಗೆದುಕೊಳ್ಳುವ ಮೂರು ಉಸಿರು, ನನ್ನ ರೂಮ್‌ಮೇಟ್ ಊರಿನ ಹುಡುಗಿಯ ಜೊತೆ ಫೋನಿನಲ್ಲಿ ಮಾತಾಡುವಾಗ ದಪ್ಪಗಾಗುವ ಸ್ವರ, ಎಲ್ಲವೂ ನನ್ನ ಬಾಯಲ್ಲಿವೆ. ನನ್ನನ್ನೂ ನಾನು ಬಿಟ್ಟವನಲ್ಲ. ಮಧ್ಯಾಹ್ನ ಬರೀ ಬಿಸ್ಕತ್ತು ತಿಂದು ಅಮ್ಮನಿಗೆ ‘ಊಟ ಆಯ್ತು, ಮೀನು ಇತ್ತು’ ಎಂದು ಹೇಳುವ ನನ್ನದೇ ಸ್ವರವನ್ನು ಮಾಡಿ ತೋರಿಸಿದರೆ ಮೆಸ್ಸಿನಲ್ಲಿ ಎಲ್ಲಕ್ಕಿಂತ ಜಾಸ್ತಿ ನಗು ಬೀಳುತ್ತದೆ. ಸುಳ್ಳು ಹೇಳುವಾಗ ನಾನು ಅಷ್ಟು ಸಹಜವಾಗಿರುತ್ತೇನಂತೆ.

ಮಿಮಿಕ್ರಿ ಕಲಿತದ್ದು ಮೈಕಿನಲ್ಲಿ. ನಮ್ಮ ಕರಾವಳಿಯ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟು ನೋಡಿದವರಿಗೆ ಗೊತ್ತು, ಅಲ್ಲಿ ಆಟಗಾರ ಸುಸ್ತಾಗಿ ಕೂತರೂ ನಡೆಯುತ್ತದೆ, ಕಾಮೆಂಟರಿಯವ ಕೂರಬಾರದು. ಬ್ಯಾಟ್ಸ್‌ಮನ್ನಿನ ಬೆಂಡಾದ ಕಾಲು, ಅಂಪೈರಿನ ಹೊಟ್ಟೆ, ಗೇಟಿನಲ್ಲಿ ಬಂದ ಭಾವನ ಹೊಸ ಬೈಕು, ಎಲ್ಲ ಮೈಕಿಗೆ ಬರಬೇಕು. ಮೈಕು ಅರ್ಧ ನಿಮಿಷ ಸುಮ್ಮನಾದರೆ ಜನ ಕರೆಂಟು ಹೋಯಿತೆಂದು ಜನರೇಟರಿನ ಕಡೆ ತಿರುಗಿ ನೋಡುತ್ತಾರೆ. ಹದಿನಾರನೇ ವರ್ಷದಿಂದ ನಾನು ಆ ಮೈಕು ಹಿಡಿದವ. ಸ್ಕೋರು ಬರೆಯುವುದೂ ನಾನೇ, ಮಾತಾಡುವುದೂ ನಾನೇ.

ಈ ಒಂದು ಅರ್ಹತೆಯ ಮೇಲೆ ಕಂಪನಿಯವರು ನನ್ನನ್ನು ಬೇಸ್‌ಬಾಲಿಗೆ ಹಾಕಿದರು.

ನಮ್ಮಲ್ಲಿ ಫಿಲಿಪೀನ್ಸಿನವರು ಜಾಸ್ತಿ. ಚಳಿಗಾಲ ಬಂತೆಂದರೆ ಶುಕ್ರವಾರ ಬೆಳಿಗ್ಗೆ ಅಲ್ ಥುಮಾಮಾದ ಆಚೆ ಒಂದು ಧೂಳಿನ ಮೈದಾನದಲ್ಲಿ ಆರು ತಂಡಗಳ ಲೀಗು. ತಂಡದಲ್ಲಿ ಜನ ಸಾಲದಾದಾಗ ನಮ್ಮವರೂ ಇಬ್ಬರು ಮೂವರು ಸೇರಿಕೊಂಡರು. ನಮ್ಮ ಪಂದ್ಯಗಳ ಸ್ಕೋರು ಬರೆಯುತ್ತಿದ್ದ ಜಪಾನಿನ ಇಂಜಿನಿಯರು ಪ್ರಾಜೆಕ್ಟ್ ಮುಗಿಸಿ ಹೋಗುವಾಗ ನನಗೆ ಒಂದು ನಿಯಮದ ಪುಸ್ತಕ, ಮೂರು ಪೆನ್ಸಿಲು ಮತ್ತು ಎರಡು ರಟ್ಟಿನ ಹಲಗೆ ಕೊಟ್ಟು ಬಗ್ಗಿ ನಮಸ್ಕರಿಸಿದ. ಒಂದು ಹಲಗೆಯಲ್ಲಿ H, ಇನ್ನೊಂದರಲ್ಲಿ E. ಹೊಡೆದವ ತನ್ನ ಸಾಮರ್ಥ್ಯದಿಂದ ಓಡಿ ಬೇಸ್ ಎಂಬ ಚೌಕ ದಿಂಬನ್ನು ಮುಟ್ಟಿದರೆ ಹಿಟ್ ಎಂದು H ಎತ್ತಬೇಕು. ಹಿಡಿಯಬಹುದಾಗಿದ್ದ ಚೆಂಡನ್ನು ಫೀಲ್ಡರ್ ಬಿಟ್ಟದ್ದರಿಂದ ಮುಟ್ಟಿದರೆ ಎರರ್ ಎಂದು E ಎತ್ತಬೇಕು. ಯಾವುದನ್ನು ಎತ್ತುವುದು ಎಂಬುದು ಅಂಪೈರಿಗೆ ಸೇರಿದ್ದಲ್ಲ, ಸ್ಕೋರರ್‌ಗೆ ಸೇರಿದ್ದು. ಶನಿವಾರ ಸಂಜೆ ಶೀಟು ಕಳಿಸುವವರೆಗೆ ಅವನು ಮನಸ್ಸು ಬದಲಿಸಬಹುದು. ಇಂಥ ಅಧಿಕಾರ ನನಗೆ ಈ ದೇಶದಲ್ಲಿ ಮತ್ತೆಲ್ಲೂ ಸಿಕ್ಕಿರಲಿಲ್ಲ.

ಕ್ರಿಕೆಟಿನಿಂದ ಬಂದ ನಮಗೆ ಇದು ಜೀರ್ಣವಾಗಲು ಹೊತ್ತು ಹಿಡಿಯಿತು. ಊರಿನಲ್ಲಿ ಕ್ಯಾಚು ಬಿಟ್ಟರೆ ಬೌಲರು ಬೈಯುತ್ತಾನೆ, ನಾನು ಮೈಕಿನಲ್ಲಿ ನಾಲ್ಕು ಮಾತು ಸೇರಿಸುತ್ತೇನೆ, ಅಲ್ಲಿಗೆ ಮುಗಿಯಿತು. ಸ್ಕೋರ್‌ಬುಕ್ಕಿನಲ್ಲಿ ಅದಕ್ಕೆ ಜಾಗವೇ ಇಲ್ಲ, ಬೈಗುಳ ಗಾಳಿಗೆ ಹೋಗುತ್ತದೆ. ಇಲ್ಲಿ ಹಾಗಲ್ಲ. ಮೈದಾನದ ಒಂಬತ್ತು ಜನಕ್ಕೆ ಒಂದರಿಂದ ಒಂಬತ್ತು ನಂಬರು ಇದೆ, ತಪ್ಪು ಮಾಡಿದವನ ನಂಬರಿಗೆ ಒಂದು E ಬೀಳುತ್ತದೆ. ಫಸ್ಟ್ ಬೇಸಿನವ ಮೂರನೆಯವ. ಅವನು ಬಿಟ್ಟರೆ E3. ಅದು ಸೀಸನ್ ಮುಗಿಯುವವರೆಗೆ, ಆಮೇಲೂ, ಅಲ್ಲೇ ಇರುತ್ತದೆ.

“ಅಷ್ಟು ದೊಡ್ಡ ತಪ್ಪಾ ಅದು, ಪುಸ್ತಕದಲ್ಲಿ ಬರಿಲಿಕ್ಕೆ?” ಎಂದು ಕಾಕ ಮೊದಲ ದಿನವೇ ಕೇಳಿದ್ದರು. “ಪೊಲೀಸು ಸ್ಟೇಶನಿನ ಹಾಗೆ ಉಂಟಲ್ಲ ಇವರ ಆಟ.”

ನಮ್ಮ ತಂಡದ ಫಸ್ಟ್ ಬೇಸಿನಲ್ಲಿ ನಿಲ್ಲುತ್ತಿದ್ದವರು ಸ್ಟೋರ್ ಅಂಕಲ್. ಉಡುಪಿ ಕಡೆಯ ಕ್ರಿಶ್ಚಿಯನ್ನರು, ಕಂಪನಿಯ ಸ್ಟೋರ್‌ಕೀಪರ್, ಇಪ್ಪತ್ತಾರು ವರ್ಷ ಒಂದೇ ಮೇಜು. ಅರುವತ್ತು ತುಂಬಲು ಕೆಲವೇ ವಾರ ಇತ್ತು, ತುಂಬಿದ ಕೂಡಲೇ ಊರಿಗೆ. ಶುಕ್ರವಾರ ನಸುಕಿನ ಪೂಜೆ ಮುಗಿಸಿ, ಚರ್ಚಿಗೆ ಹಾಕಿದ ಅಂಗಿಯ ಮೇಲೆಯೇ ತಂಡದ ಜೆರ್ಸಿ ಏರಿಸಿಕೊಂಡು ಬರುತ್ತಿದ್ದರು. ಓಡುವುದು ನನ್ನ ಅಜ್ಜಿಯ ವೇಗದಲ್ಲಿ. ಕೈ ಮಾತ್ರ ಬೇರೆ. ಪ್ರಾಯದಲ್ಲಿ ಸ್ಲಿಪ್ಪಿನಲ್ಲಿ ನಿಂತು ಪಳಗಿದ ಕೈ, ಬಂದ ಚೆಂಡು ಅಲ್ಲಿ ಹೋಗಿ ಮಲಗುತ್ತಿತ್ತು.

ಆ ಸೀಸನ್ನಿನಲ್ಲಿ ಅವರ ಹೆಸರಿನ ಮುಂದೆ ಒಂದು E ಕೂಡ ಬಿದ್ದಿರಲಿಲ್ಲ. ಒಂದೂ ಎರರ್ ಇಲ್ಲದವನಿಗೆ ಲೀಗಿನವರು ಬಹುಮಾನ ಕೊಡುತ್ತಾರೆ. ಒಂದು ಹಳೆಯ ಗ್ಲವ್‌ಗೆ ಚಿನ್ನದ ಬಣ್ಣ ಸ್ಪ್ರೇ ಮಾಡಿ ಮರದ ಹಲಗೆಗೆ ಮೊಳೆ ಹೊಡೆದದ್ದು. ನೋಡಿದರೆ ಕೋಳಿ ಅಂಗಡಿಯ ಬೋರ್ಡಿನ ಹಾಗಿರುತ್ತದೆ. ಅಂಕಲ್‌ಗೆ ಅದು ಬೇಕಿತ್ತು. ಅವರು ಬಾಯಿ ಬಿಟ್ಟು ಏನನ್ನಾದರೂ ಬೇಕೆಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ.

“ಪುತಾ, ನನ್ನ ಹೆಸರಿಗೆ ಈ ಊರಲ್ಲಿ ಬರೆದಿಟ್ಟದ್ದು ಒಂದೇ ಒಂದು ಕಾಗದ. ಅದು ಎಂಥದ್ದು ಅಂತ ನಿನಗೆ ಗೊತ್ತುಂಟು. ಹೋಗುವಾಗ ಇನ್ನೊಂದು ಒಳ್ಳೇದು ತಗೊಂಡು ಹೋದ್ರೆ ಸಾಕು,” ಎಂದಿದ್ದರು. ಪುತಾ ಎಂದರೆ ಅವರ ಕೊಂಕಣಿಯಲ್ಲಿ ಮಗ.

ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಅಂಕಲ್‌ಗೆ ಒಂದು ವಾರ್ನಿಂಗ್ ಲೆಟರ್ ಬಂದಿತ್ತು. ಒಂದು ಪೆಟ್ಟಿಗೆ ವಾಲ್ವ್ ಕಾಗದವಿಲ್ಲದೆ ಸ್ಟೋರಿನಿಂದ ಹೊರಗೆ ಹೋಗಿದೆ, ಇದು ಸ್ಟೋರ್‌ಕೀಪರಿನ ನಿರ್ಲಕ್ಷ್ಯ ಎಂದು. ಅದಕ್ಕೆ ಸೀಲು ಹೊಡೆದು ಫೈಲಿಗೆ ಹಾಕಿದವ ನಾನೇ. ಎರಡು ದಿನ ಕಳೆದು ಅಂಕಲ್ ಒಂದು ಕವರು ತಂದುಕೊಟ್ಟರು, ಕೈಬರಹದಲ್ಲಿ ನಾಲ್ಕು ಪುಟದ ಉತ್ತರ. ಮೇಲಿನವರನ್ನು ಕೇಳಿದೆ. “ಲೆಟರ್ ಫೈಲಿಗೆ. ರಿಪ್ಲೈ ಬೇಡ, ನಿನ್ನ ಹತ್ತಿರ ಇರಲಿ,” ಎಂದರು. ಡ್ರಾಯರಿನಲ್ಲಿ ಇಟ್ಟೆ. ಇಡುವ ಮೊದಲು ಓದಿದೆ.

ಜಿ.ಎಂ. ಸ್ವತಃ ಫೋನು ಮಾಡಿ ವಾಲ್ವ್ ಕೊಡಲು ಹೇಳಿದ್ದರು ಎಂದು ಅದರಲ್ಲಿ ಇತ್ತು. ಅವರ ಮಾತನ್ನು ಅಂಕಲ್ ಹಾಗೆಯೇ ಬರೆದಿದ್ದರು: ‘ಸ್ಟೋರ್, ಯಲ್ಲಾ, ಗಿವ್, ಪೇಪರ್ ಲೇಟರ್.’ ಯಲ್ಲಾ ಎಂದರೆ ಅರಬ್ಬಿಯಲ್ಲಿ ‘ಬೇಗ, ನಡಿ’. ಪೇಪರ್ ಬರಲೇ ಇಲ್ಲ. ಜಿ.ಎಂ.ಗೆ ನೆನಪೂ ಬರಲಿಲ್ಲ.

ಒಳ್ಳೆಯ ಮನುಷ್ಯನಾದರೆ ಅದನ್ನು ಓದಿ ಬೇಸರ ಮಾಡಿಕೊಳ್ಳುತ್ತಿದ್ದ. ನಾನು ಆ ಐದು ಶಬ್ದವನ್ನು ಜಿ.ಎಂ. ಸ್ವರದಲ್ಲಿ ಬಾಯಿಗೆ ಕೂರಿಸಿಕೊಂಡೆ. ಒಂದು ವಾರದಲ್ಲಿ ಅದು ನನ್ನ ಅತಿ ಯಶಸ್ವಿ ಐಟಂ ಆಯಿತು. ಮೆಸ್ಸಿನಲ್ಲಿ ಯಾರಾದರೂ ಉಪ್ಪಿನಕಾಯಿ ಕೇಳಿದರೂ ‘ಸ್ಟೋರ್, ಯಲ್ಲಾ, ಗಿವ್, ಪೇಪರ್ ಲೇಟರ್’. ಎಲ್ಲರೂ ನಗುತ್ತಿದ್ದರು. ಅಂಕಲ್ ಕೂಡ. ಕನಿಷ್ಠ ಅವರ ಹಲ್ಲು ಕಾಣುತ್ತಿತ್ತು.

ಇನ್ನು ಆ ಶುಕ್ರವಾರದ ಮಾತು. ಲೀಗಿನ ನಮ್ಮ ಕೊನೆಯ ಪಂದ್ಯ. ಮೂರು ರನ್ ಮುಂದಿದ್ದೆವು, ಗೆಲುವಿನ ಬಗ್ಗೆ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ನಮ್ಮ ಪಿಚ್ಚರ್, ಅಂದರೆ ಚೆಂಡು ಎಸೆಯುವವನ ಬಗ್ಗೆ. ಅವನು ಕ್ರೇನ್ ಆಪರೇಟರ್, ಮನಿಲಾದ ಆಚೆಯ ಯಾವುದೋ ದ್ವೀಪದವ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಎದುರಿನವರಿಗೆ ಅವನು ಅಲ್ಲಿಯವರೆಗೆ ಒಂದೇ ಒಂದು ಹಿಟ್ ಕೊಟ್ಟಿರಲಿಲ್ಲ. ಇಡೀ ಪಂದ್ಯ ಹಾಗೆಯೇ ಮುಗಿದರೆ ಅದನ್ನು ನೋ-ಹಿಟ್ಟರ್ ಎನ್ನುತ್ತಾರೆ, ಬಹಳ ಪಿಚ್ಚರ್‌ಗಳಿಗೆ ಜೀವಮಾನದಲ್ಲಿ ಒಮ್ಮೆಯೂ ಸಿಗುವುದಿಲ್ಲ.

ಹಾಗೆ ಆಗುತ್ತಿರುವಾಗ ಅವರಲ್ಲಿ ಒಂದು ಕ್ರಮ ಉಂಟು. ಯಾರೂ ಆ ಮಾತು ಎತ್ತಬಾರದು. ಪಿಚ್ಚರಿನ ಹತ್ತಿರ ಕೂರಬಾರದು. ನಮ್ಮ ಕಂಪನಿಯ ಫಿಲಿಪಿನೋ ಸೇಫ್ಟಿ ಆಫೀಸರು ನನ್ನ ಮೇಜಿಗೆ ಬಂದು ತುಟಿಯ ಮೇಲೆ ಬೆರಳಿಟ್ಟು, ಮೈಕು ತೋರಿಸಿ, ಕೈ ಮುಗಿದು ಹೋದ. ಬೆಂಚುಗಳಲ್ಲಿ ಪೂರ್ತಿ ಮೌನ. ನಮ್ಮವರ ಕಡೆಯೂ, ಅಂಕಲ್‌ರ ಹೆಂಡತಿ ಮಾಡಿ ಕಳಿಸಿದ ಬನ್ಸ್ ಜಗಿಯುವುದು ಬಿಟ್ಟರೆ ಸದ್ದಿಲ್ಲ. ಏಳನೆಯ, ಕೊನೆಯ ಇನ್ನಿಂಗ್ಸು. ಇಬ್ಬರು ಔಟಾಗಿದ್ದರು. ಇನ್ನೊಬ್ಬ ಔಟಾದರೆ ಮುಗಿಯಿತು.

ಮೈಕು ನನ್ನ ಕೈಯಲ್ಲಿ. ಮೌನ ಅರ್ಧ ನಿಮಿಷ ದಾಟಿತು. ನನ್ನ ಗಂಟಲು ತುರಿಸತೊಡಗಿತು. ಆ ಮೈದಾನದ ಮೇಲೆ ಐದು ನಿಮಿಷಕ್ಕೊಂದು ವಿಮಾನ ಇಳಿಯುತ್ತದೆ, ಅದು ಬಂದರೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಆ ಹೊತ್ತಿಗೆ ಒಂದೂ ಬರಲಿಲ್ಲ. ಪಿಚ್ಚರ್ ಕೈ ಎತ್ತಿದ. ನಾನು, ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಜಿ.ಎಂ. ಸ್ವರದಲ್ಲಿ ಹೇಳಿದೆ:

“ಸ್ಟೋರ್... ಯಲ್ಲಾ...”

ಚೆಂಡು ಬ್ಯಾಟಿಗೆ ತಾಗಿ ನೆಲ ಹಿಡಿದು ಫಸ್ಟ್ ಬೇಸಿನ ಕಡೆ ಬಂತು. ಎರಡು ಸಲ ಪುಟಿದು, ಮೊಣಕಾಲಿನ ಎತ್ತರ. ಅಂಥ ಚೆಂಡನ್ನು ಅಂಕಲ್ ಆ ಸೀಸನ್ನಿನಲ್ಲಿ ಕಣ್ಣು ಮುಚ್ಚಿ ಹಿಡಿದಿದ್ದರು. ಈ ಸಲ ಅವರ ಮುಖ ಒಂದು ಬೆರಳಿನಷ್ಟು ನನ್ನ ಮೇಜಿನ ಕಡೆ ತಿರುಗಿತು. ಆಫೀಸಿನಲ್ಲಿ ಜಿ.ಎಂ. ಕರೆದಾಗ ತಿರುಗುವ ಹಾಗೆ. ಚೆಂಡು ಗ್ಲವ್‌ನ ಬುಡಕ್ಕೆ ತಾಗಿ, ಅವರ ಕಾಲಿನ ಪಕ್ಕದಿಂದ ಗೆರೆಯ ಆಚೆ ಹೋಯಿತು. ಹೊಡೆದವ ಬೇಸ್ ಮುಟ್ಟಿದ. ಮುಂದಿನವ ಮೂರೇ ಚೆಂಡಿಗೆ ಔಟಾದ. ಪಂದ್ಯ ಗೆದ್ದೆವು, ಯಾರೂ ಕುಣಿಯಲಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

H ಎತ್ತಿದರೆ ಪಿಚ್ಚರಿನ ನೋ-ಹಿಟ್ಟರ್ ಹೋಗುತ್ತದೆ. E ಎತ್ತಿದರೆ ಅದು ಉಳಿಯುತ್ತದೆ, ಅಂಕಲ್‌ರ ಸೀಸನ್ ಹೋಗುತ್ತದೆ. ಇಬ್ಬರೂ ನಮ್ಮವರೇ. ಅಂಕಲ್ ಗ್ಲವ್ ಕಳಚಿ ಅದರ ಒಳಗೆ ಏನೋ ಇದೆ ಎಂಬಂತೆ ನೋಡುತ್ತಿದ್ದರು. ನಾನು H ಎತ್ತಿದೆ. ನ್ಯಾಯದಿಂದಲ್ಲ. E ಎತ್ತಲು ಕೈ ಬರಲಿಲ್ಲ, ಅಷ್ಟೇ.

ಜುಮಾ ನಮಾಜು ಮುಗಿದು, ಊಟ ಆಗಿ, ನಾಲ್ಕು ಗಂಟೆಗೆ ನಮ್ಮ ಬೀದಿಯ ಕೆಫೆಟೇರಿಯಾದಲ್ಲಿ ಕರಕ್ ಚಹಾದ ಎದುರು ವಿಚಾರಣೆ ಶುರುವಾಯಿತು. ಒಂದು ಕಡೆ ಕಾಕ ಮತ್ತು ನನ್ನ ರೂಮ್‌ಮೇಟ್. ಇನ್ನೊಂದು ಕಡೆ ಸೇಫ್ಟಿ ಆಫೀಸರು, ಹಿಂದಿ ಇಂಗ್ಲಿಷು ಕಲಸಿ ಮಾತಾಡುವವ, ಜೊತೆಗೆ ಅವನ ಇಬ್ಬರು ಸಾಕ್ಷಿಗಳು. ಪಿಚ್ಚರ್ ಬಂದಿರಲಿಲ್ಲ.

“ಮೈ ಫ್ರೆಂಡ್, ಎರರ್. ಕ್ಲಿಯರ್ ಎರರ್. ಬಾಲ್ ಸೀದಾ ಹಾಥ್ ಮೇ ಆಯಾ,” ಎಂದ ಸೇಫ್ಟಿ ಆಫೀಸರು.

“ಅರುವತ್ತು ವರ್ಷದ ಜನಕ್ಕೆ ಯಾವುದು ಸೀದಾ?” ಎಂದ ರೂಮ್‌ಮೇಟ್. “ನಿಮ್ಮ ಪುಸ್ತಕದಲ್ಲಿ ಎಂತ ಉಂಟು? ಸಾಧಾರಣ ಪ್ರಯತ್ನ ಮಾಡಿ ಹಿಡಿಯುವ ಹಾಗೆ ಇದ್ರೆ ಮಾತ್ರ ಎರರ್. ಅಂಕಲ್‌ಗೆ ಬಗ್ಗುದೇ ದೊಡ್ಡ ಪ್ರಯತ್ನ.”

ನಾನು ಇದನ್ನು ಹಿಂದಿಗೆ ತಂದೆ, ‘ಬಗ್ಗುವುದು’ ಬಂದಲ್ಲಿ ಅಂಕಲ್ ಬಗ್ಗುವ ಶೈಲಿಯಲ್ಲಿ ಸೊಂಟ ಹಿಡಿದು. ಎಲ್ಲರೂ ನಕ್ಕರು. ಇದು ನನ್ನ ಕಾಯಿಲೆ.

“ಆರ್ಡಿನರಿ ಎಫರ್ಟ್ ಎವರೇಜ್ ಪ್ಲೇಯರ್ ಕಾ,” ಸೇಫ್ಟಿ ಆಫೀಸರು ಬಿಡಲಿಲ್ಲ. “ಏಜ್ ನಹೀ ಲಿಖಾ.”

“ಸೂರ್ಯ ಕಣ್ಣಿಗೆ ಹೊಡೀತಿತ್ತು,” ಎಂದರು ಕಾಕ.

“ಕಾಕಾ, ಸೂರ್ಯ ಬೆನ್ನ ಹಿಂದೆ ಇತ್ತು,” ಎಂದೆ.

“ನೀನು ಯಾರ ಕಡೆ ಮೋನೆ? H ಎತ್ತಿದವ ನೀನೇ ಅಲ್ವಾ?”

“ನಾನು ಯಾರ ಕಡೆಯೂ ಅಲ್ಲ ಕಾಕಾ, ನಾನು ಸ್ಕೋರರ್.”

“ಹಾಗೆ ಹೇಳುವವರು ಯಾವಾಗಲೂ ಒಂದು ಕಡೆ ಇರ್ತಾರೆ. ನನ್ನ ಅಂಗಡಿಯಲ್ಲಿ ತೂಕ ಮಾಡುವವನೂ ಹೀಗೇ ಹೇಳುದು.”

ಆಗ ಸೇಫ್ಟಿ ಆಫೀಸರು ಫೋನು ತೆಗೆದ. ಅವನ ಸಾಕ್ಷಿಯೊಬ್ಬ ಕೊನೆಯ ಇನ್ನಿಂಗ್ಸು ಪೂರ್ತಿ ವಿಡಿಯೋ ಮಾಡಿದ್ದ. ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ ಸ್ವರ ಹೆಚ್ಚಿಸಿದ. ಪಿಚ್ಚರಿನ ಕೈ ಮೇಲೆ ಹೋಯಿತು. ಮೌನದೊಳಗಿಂದ ನನ್ನ ಸ್ವರ, ಅಲ್ಲ, ಜಿ.ಎಂ. ಸ್ವರ, ಸ್ಪಷ್ಟವಾಗಿ ಬಂತು: ‘ಸ್ಟೋರ್... ಯಲ್ಲಾ...’ ಚೆಂಡು, ಗ್ಲವ್, ಗೆರೆಯ ಆಚೆ.

ಇಗೋ ಈಗ ಯಾರಾದರೂ ಹೇಳುತ್ತಾರೆ ಎಂದು ಕಾದೆ.

“ಏ, ಎಂಥ ಕರೆಕ್ಟ್ ಸ್ವರ ಮಾರಾಯ,” ಎಂದು ರೂಮ್‌ಮೇಟ್ ತೊಡೆ ತಟ್ಟಿ ನಕ್ಕ. ಫಿಲಿಪಿನೋಗಳೂ ನಕ್ಕರು, ‘ಜಿ.ಎಂ., ಜಿ.ಎಂ.’ ಎಂದು. ಕಾಕನೂ ನಕ್ಕು ಕೆಮ್ಮಿದರು. ಆಮೇಲೆ ಚೆಂಡಿನ ಎರಡನೆಯ ಪುಟ ಎಷ್ಟು ಎತ್ತರಕ್ಕೆ ಎದ್ದಿತೆಂದು ಜಗಳ. ಪುನಃ ಹಾಕಿದರು. ಪುನಃ ನಕ್ಕರು. ಗ್ಲವ್ ಯಾವ ಕೋನದಲ್ಲಿತ್ತೆಂದು ನೋಡಲು ಮತ್ತೊಮ್ಮೆ. ಹನ್ನೊಂದು ಸಲ ನೋಡಿರಬೇಕು, ಹನ್ನೊಂದು ಸಲವೂ ನಗು ಬಿತ್ತು. ಅಂಕಲ್‌ರ ಮುಖ ತಿರುಗಿದ್ದು ಒಬ್ಬನಿಗೂ ಕಾಣಲಿಲ್ಲ. ಇವರೆಲ್ಲ ಚೆಂಡು ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಆ ಮುಖವೊಂದನ್ನೇ.

“ನಾನು ಮಾತಾಡಿದ್ದಕ್ಕೆ ಅವರ ಗಮನ ಹೋಯ್ತು,” ಎಂದು ಕೊನೆಗೆ ಹೇಳಿಯೇಬಿಟ್ಟೆ.

ರೂಮ್‌ಮೇಟ್ ನನ್ನ ಬೆನ್ನಿಗೆ ಹೊಡೆದ. “ಇದು ಯಾರ ಸ್ವರ? ಹೊಸ ಐಟಮ್ಮಾ? ಚರ್ಚಿನಲ್ಲಿ ತಪ್ಪು ಒಪ್ಪಿಕೊಳ್ಳುವವರದ್ದಾ?”

ಮತ್ತೆ ನಗು. ನನ್ನ ಮಾತು ಎಲ್ಲಿಯೂ ಇಳಿಯದೆ ಹಾಗೆಯೇ ಹೋಯಿತು. ಬಿಲ್ಲು ಬರುವ ಹೊತ್ತಿಗೆ ಅಭಿಪ್ರಾಯ ಎರಡು ಭಾಗವಾಗಿಯೇ ಉಳಿದಿತ್ತು. ಸೇಫ್ಟಿ ಆಫೀಸರು ಎದ್ದು ಹೋಗುವಾಗ ನನ್ನ ಭುಜ ಹಿಡಿದು ಮೆಲ್ಲಗೆ ಹೇಳಿದ, ಪಿಚ್ಚರ್ ನಾನು ಹಲಗೆ ಎತ್ತುವ ಮೊದಲೇ ಮೈದಾನದಿಂದ ತನ್ನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ನೋ-ಹಿಟ್ಟರ್ ಆಯಿತೆಂದು ಹೇಳಿಬಿಟ್ಟಿದ್ದನಂತೆ. ಅಪ್ಪ ಬೀದಿಗೆಲ್ಲ ಹೇಳಿದ್ದಾನೆ.

ಸಂಜೆಯ ಮಗ್ರಿಬ್ ಬಾಂಗ್ ಆಗುವಾಗ ನಾನು ಬಸ್ಸಿನಲ್ಲಿ ಅಲ್ ಅಜೀಜಿಯಾಕ್ಕೆ ಹೋಗುತ್ತಿದ್ದೆ. ಅಂಕಲ್ ಅಲ್ಲಿ ಒಂದು ವಿಲ್ಲಾವನ್ನು ಭಾಗ ಮಾಡಿದ ಎರಡು ಕೋಣೆಯಲ್ಲಿ ಇದ್ದರು. ಬಾಗಿಲಿನಿಂದ ಸೋಫಾದವರೆಗೆ ಕಾರ್ಗೋಗೆ ಹೋಗುವ ರಟ್ಟಿನ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಗೆ ಸ್ಟೋರ್‌ಕೀಪರಿನ ಅಕ್ಷರದಲ್ಲಿ ಚೀಟಿ, ಒಳಗಿನ ಒಂದೊಂದು ವಸ್ತುವಿನ ಹೆಸರು. ಆಂಟಿ ಚಹಾ ಮಾಡಲು ಒಳಗೆ ಹೋದರು. ನಾನು ಕೂರಲಿಲ್ಲ.

“ಅಂಕಲ್, ಬೆಳಿಗ್ಗೆ ನಾನು ಮೈಕಿನಲ್ಲಿ...”

“ಕೇಳ್ತು,” ಎಂದರು.

“ಅದಕ್ಕೇ ಅಲ್ವಾ ನೀವು...”

“ಪುತಾ, ಅದು ಕೈಗೆ ಬಂದ ಚೆಂಡು.” ಅವರು ಟೇಪು ಹರಿದು ಪೆಟ್ಟಿಗೆಯ ಬಾಯಿ ಮುಚ್ಚಿದರು. “ಕೈಗೆ ಬಂದದ್ದನ್ನು ಬಿಟ್ರೆ ಅದು ಎರರ್. ನೀನು H ಎತ್ತಿದಾಗ ನನಗೆ ಖುಷಿ ಆಯ್ತು. ಸುಳ್ಳು ಯಾಕೆ ಹೇಳುದು. ಮನೆಗೆ ಬಂದು ಈ ಗೋಡೆಯಲ್ಲಿ ಮೊಳೆ ಇದ್ದ ಜಾಗ ನೋಡಿ, ಊರಲ್ಲಿ ಆ ಗ್ಲವ್ ಎಲ್ಲಿ ತೂಗಿಸುದು ಅಂತ ಕೂಡ ನೋಡಿದೆ. ಆಮೇಲೆ ಆ ಹುಡುಗನ ಮುಖ ನೆನಪಾಯ್ತು. ಅವನದ್ದು ನಾನು ಇಟ್ಕೊಳ್ಳುದು ಹೇಗೆ?”

“ನೀವು ತಪ್ಪು ಮಾಡಿದ್ದಲ್ಲ ಅಂಕಲ್, ನಾನು.”

“ಹಾಗಾದ್ರೆ ಅದನ್ನೂ ಬರಿ. ಎರರ್ ಬರಿ, ಪಕ್ಕದಲ್ಲಿ ಕಾರಣ ಬರಿ.”

“ಕಾರಣಕ್ಕೆ ಅದರಲ್ಲಿ ಕಾಲಮ್ ಇಲ್ಲ.”

ಅವರು ತಲೆಯೆತ್ತಿ ನೋಡಿದರು. “ಆ ಲೆಟರಿನಲ್ಲಿಯೂ ಇರ್ಲಿಲ್ಲ. ಆದ್ರೆ ನಾನು ನಾಲ್ಕು ಪುಟ ಬರೆದು ಕೊಟ್ಟಿದ್ದೆ, ನೆನಪುಂಟಲ್ಲ? ಅದು ಫೈಲಿನಲ್ಲಿ ಲೆಟರಿನ ಹಿಂದೆಯೇ ಉಂಟು ಅಂತ ಒಂದು ಧೈರ್ಯ ನನಗೆ. ನಾಳೆ ಯಾರಾದ್ರೂ ತೆಗೆದು ನೋಡಿದ್ರೆ ಎರಡೂ ಓದ್ತಾರೆ. ಹಾಗೆ ಇದಕ್ಕೂ ಒಂದು ಇರ್ಲಿ. ಬರೆದಿಟ್ರೆ ನನಗೆ ಸಾಕು.”

ಆಂಟಿ ಚಹಾ ತಂದರು. ನಾನು ಕುಡಿದೆ, ಬಿಸಿ ಎಷ್ಟಿತ್ತೆಂದು ನಾಲಿಗೆ ಸುಟ್ಟ ಮೇಲೆ ಗೊತ್ತಾಯಿತು. ಜಿ.ಎಂ. ಅವರ ಆ ಐದು ಶಬ್ದವನ್ನು ನಾನು ಎಲ್ಲಿಂದ ಕಲಿತೆ ಎಂದು ಅಂಕಲ್ ಯಾವತ್ತೂ ಕೇಳಿರಲಿಲ್ಲ. ಜಿ.ಎಂ. ಎಲ್ಲರ ಹತ್ತಿರವೂ ಹಾಗೆಯೇ ಮಾತಾಡುತ್ತಾರೆ ಎಂದುಕೊಂಡಿದ್ದರೋ, ಗೊತ್ತಿದ್ದೂ ಸುಮ್ಮನಿದ್ದರೋ. ಕೇಳುವ ಧೈರ್ಯ ನನಗೂ ಬರಲಿಲ್ಲ. ಹೊರಡುವಾಗ ಆಂಟಿ ಉಳಿದ ಬನ್ಸ್ ಕಟ್ಟಿಕೊಟ್ಟರು.

ಶನಿವಾರ ಆಫೀಸಿನಲ್ಲಿ H ಅಳಿಸಿದೆ. ಆ ಜಪಾನಿನವನ ಪೆನ್ಸಿಲು ಸುಲಭವಾಗಿ ಅಳಿಯುತ್ತದೆ, ಕಾಗದದಲ್ಲಿ ಗುರುತು ಕೂಡ ಉಳಿಯುವುದಿಲ್ಲ. E3 ಎಂದು ಬರೆದೆ. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ಆಫೀಸಿನ ಇಂಗ್ಲಿಷಿನಲ್ಲಿ, ಸ್ಕೋರರ್ ಮೈಕಿನಲ್ಲಿ ಮಾತಾಡಿದ್ದರಿಂದ ಫೀಲ್ಡರಿನ ಗಮನ ತಪ್ಪಿತು, ಫೀಲ್ಡರಿನ ತಪ್ಪಲ್ಲ ಎಂದು ಬರೆದೆ. ಸ್ಕ್ಯಾನ್ ಮಾಡಿ ಕಳಿಸಿದೆ. ನನ್ನ ಕೆಲಸದಲ್ಲಿ ಅಷ್ಟು ಎಚ್ಚರಿಕೆಯಿಂದ ಯಾವ ಕಾಗದವನ್ನೂ ಸ್ಕ್ಯಾನ್ ಮಾಡಿದವನಲ್ಲ.

ಲೀಗಿನ ಕಾರ್ಯದರ್ಶಿ, ಶಾಲೆಯೊಂದರಲ್ಲಿ ಪಾಠ ಮಾಡುವ ಅಮೆರಿಕದ ಮುದುಕ, ಅರ್ಧ ಗಂಟೆಯಲ್ಲಿ ಫೋನು ಮಾಡಿದ. ಒಳ್ಳೆಯ ಮನುಷ್ಯ, ಸ್ವರದಲ್ಲಿ ಬೇಸರವಿರಲಿಲ್ಲ. ಅಂಚಿನ ಟಿಪ್ಪಣಿ ಓದಿದೆ, ನಿನ್ನ ಪ್ರಾಮಾಣಿಕತೆ ಮೆಚ್ಚಿದೆ ಎಂದ. ಆದರೆ ಕಂಪ್ಯೂಟರಿನ ಪಟ್ಟಿಗೆ ನಂಬರು ಮಾತ್ರ ಹೋಗುವುದು.

“ಒಂದರಿಂದ ಒಂಬತ್ತರ ಒಳಗೆ ಯಾರದು?” ಎಂದು ಕೇಳಿದ.

“ಸ್ಕೋರರಿನದ್ದು,” ಎಂದೆ.

“ಸ್ಕೋರರ್‌ಗೆ ನಂಬರ್ ಇಲ್ಲ, ಮಗನೇ.”

ಕೀಬೋರ್ಡಿನ ಮೇಲೆ ಅವನ ಬೆರಳು ಕಾಯುತ್ತಿರುವುದು ನನಗೆ ಕಂಡಂತಾಯಿತು.

“ಮೂರು,” ಎಂದೆ.

ಮುಂದಿನ ಶುಕ್ರವಾರ ಬಹುಮಾನ ಕೊಟ್ಟರು. ಚಿನ್ನದ ಬಣ್ಣದ ಗ್ಲವ್ ಬೇರೆ ತಂಡದ ಒಬ್ಬನಿಗೆ ಹೋಯಿತು. ಪಿಚ್ಚರಿಗೆ ಆ ದಿನದ ಚೆಂಡಿನ ಮೇಲೆ ತಂಡದ ಎಲ್ಲರೂ ಸಹಿ ಹಾಕಿ ಕೊಟ್ಟೆವು, ಅಂಕಲ್ ಎಲ್ಲರಿಗಿಂತ ಮೊದಲು ಹಾಕಿದರು. ಪಿಚ್ಚರ್ ಅವರ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡ. ಆಮೇಲೆ ನನ್ನ ಹತ್ತಿರ ಬಂದು “ಥ್ಯಾಂಕ್ಯೂ ಸರ್” ಎಂದ. ನಾನು ಅವನದೇ ಸ್ವರದಲ್ಲಿ, ಅವರ ಭಾಷೆಯಲ್ಲಿ ಪರವಾಗಿಲ್ಲ ಎನ್ನುವ “ಓಕೆ ಲಾಂಗ್” ಎಂದೆ. ಅವನು ನಕ್ಕ. ಮೈಕು ಆ ದಿನ ಬೇರೆಯವರ ಕೈಯಲ್ಲಿತ್ತು, ಗಂಟಲು ಸರಿಯಿಲ್ಲ ಎಂದು ನಾನೇ ಕೊಟ್ಟಿದ್ದೆ. ಗಂಟಲಿಗೆ ಏನೂ ಆಗಿರಲಿಲ್ಲ.

ಅಂಕಲ್‌ರ ಕೊನೆಯ ದಿನ ಗುರುವಾರ. ಕಂಪನಿ ಬಿಡುವವರ ಕೈಯಲ್ಲಿ ಒಂದು ಕ್ಲಿಯರೆನ್ಸ್ ಫಾರ್ಮ್ ಇರುತ್ತದೆ, ಪ್ರತಿ ವಿಭಾಗದವರೂ ನಮ್ಮದೇನೂ ಬಾಕಿ ಇಲ್ಲ ಎಂದು ಸಹಿ ಹಾಕಬೇಕು. ಎಲ್ಲ ಮೇಜು ಸುತ್ತಿ ಕೊನೆಗೆ ನನ್ನಲ್ಲಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಸದಾಗಿ ಕತ್ತರಿಸಿದ ಕೂದಲು. ರೂಮ್‌ಮೇಟ್ ಮತ್ತು ಅಕೌಂಟ್ಸಿನ ಇಬ್ಬರು ಸಮೋಸಾ ಹಿಡಿದುಕೊಂಡು ಹಿಂದೆ ನಿಂತಿದ್ದರು. “ಒಂದ್ಸಲ ಜಿ.ಎಂ. ಮಾಡು ಮಾರಾಯ, ಅಂಕಲ್‌ಗೆ ಕೊನೆಯದ್ದು,” ಎಂದ ರೂಮ್‌ಮೇಟ್. “ಮಾಡು ಪುತಾ,” ಎಂದರು ಅಂಕಲ್ ಕೂಡ. ಬಾಯಿ ತೆರೆದೆ. ಏನೂ ಬರಲಿಲ್ಲ. ನೀರು ಕುಡಿಯುವ ನೆಪ ಮಾಡಿದೆ. ಆ ಮೂವರು ಸಮೋಸಾ ತಿನ್ನಲು ಪ್ಯಾಂಟ್ರಿಗೆ ಹೋದರು, ನಾನು ಮತ್ತು ಅಂಕಲ್ ಉಳಿದೆವು.

ಇಲ್ಲಿ ಒಂದು ವಿಷಯ ಹೇಳಬೇಕು. ಕಳೆದ ವರ್ಷ ಆಫೀಸು ಎರಡನೇ ಮಹಡಿಯಿಂದ ಐದನೆಯದಕ್ಕೆ ಹೋದಾಗ ನನ್ನ ಮೇಜು ಖಾಲಿ ಮಾಡಲು ಒಂದು ಮಧ್ಯಾಹ್ನ ಕೊಟ್ಟಿದ್ದರು. ಡ್ರಾಯರಿನಲ್ಲಿದ್ದ ಹಳೆಯ ಕಾಗದಗಳನ್ನೆಲ್ಲ ಕಟ್ಟು ಕಟ್ಟಾಗಿ, ಕಾಗದ ಚೂರು ಮಾಡುವ ಶ್ರೆಡ್ಡರಿಗೆ ಹಾಕಿದೆ. ಅಂಕಲ್ ಕೊಟ್ಟಿದ್ದ ಉತ್ತರದ ಕವರೂ ಅದರಲ್ಲಿತ್ತು. ಹಾಕುವಾಗ ಕೈಬರಹ ಗುರುತು ಸಿಕ್ಕಿತು. ಮೂರು ಪುಟ ಹೋಗಿ ಆಗಿತ್ತು, ನಾಲ್ಕನೆಯದರ ತುದಿ ಹಿಡಿದು ಎಳೆದೆ, ಯಂತ್ರ ಎಳೆದುಕೊಂಡಿತು. ಆ ಸಂಜೆ ಮೆಸ್ಸಿನಲ್ಲಿ ಶ್ರೆಡ್ಡರಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದೆ. ಚೆನ್ನಾಗಿ ಬಂದಿತ್ತು.

ಅಂಕಲ್ ಫಾರ್ಮನ್ನು ನನ್ನ ಮುಂದೆ ಇಟ್ಟರು. ಡಾಕ್ಯುಮೆಂಟ್ ಕಂಟ್ರೋಲ್ ಎಂಬ ಸಾಲಿನಲ್ಲಿ ಬೆರಳಿಟ್ಟು ತೋರಿಸಿದರು. ನಾನು ಸಹಿ ಹಾಕಿದೆ, ಸೀಲು ಹೊಡೆದೆ.

“ಆಟದ ಆ ಶೀಟಿನಲ್ಲಿ ಬರೆದಿ ಅಲ್ವಾ? ಕಾರಣ?”

“ಬರೆದೆ ಅಂಕಲ್.” ಅದು ನಿಜವೇ. ಅಂಚಿನಲ್ಲಿ ಬರೆದದ್ದು ಅಂಚಿನಲ್ಲಿಯೇ ಉಳಿಯಿತು ಎಂದು ಹೇಳಲಿಲ್ಲ.

“ಒಳ್ಳೇದಾಯ್ತು.” ಫಾರ್ಮನ್ನು ಎರಡು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಬಾಗಿಲಿನವರೆಗೆ ಹೋಗಿ ತಿರುಗಿದರು. “ಮತ್ತೆ ನನ್ನ ಆ ಹಳೇ ರಿಪ್ಲೈ? ಫೈಲಿನಲ್ಲಿ ಉಂಟಲ್ಲ?”

ನಾನು ಯಾರ ಸ್ವರವನ್ನೂ ಮಾಡಲಿಲ್ಲ.

“ಉಂಟು ಅಂಕಲ್,” ಎಂದೆ. “ಲೆಟರಿನ ಹಿಂದೆಯೇ.”

ಅವರು ತಲೆಯಾಡಿಸಿ, ನಂಬಿ, ಲಿಫ್ಟಿನ ಕಡೆ ಹೋದರು.